ಹದಿನೇಳನೇ ನಂಬರಿನ ಸೀಲು

ಮಧ್ಯಾಹ್ನ ಊಟ ಮುಗಿಸಿ ಸ್ವಲ್ಪ ಹೊತ್ತು ಒರಗಿಕೊಂಡರೆ ಈಗಲೂ ಕಣ್ಣೊಳಗೆ ಹಲ್ಲುಚಕ್ರಗಳು ತಿರುಗುತ್ತವೆ. ಸಾಸಿವೆ ಕಾಳಿಗಿಂತ ತುಸು ದೊಡ್ಡವು, ಹಿತ್ತಾಳೆಯವು. ಒಂದು ಇನ್ನೊಂದನ್ನು ತಳ್ಳುತ್ತದೆ, ಅದು ಮತ್ತೊಂದನ್ನು. ಸದ್ದೇ ಇರುವುದಿಲ್ಲ. ಎಚ್ಚರವಾದಾಗ ಬಲಗಣ್ಣು ಮಾತ್ರ ಕಿರಿದಾಗಿರುತ್ತದೆ, ಭೂತಗನ್ನಡಿ ಸಿಕ್ಕಿಸಿಕೊಂಡಿರುವ ಹಾಗೆ.

ಹೋದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಪದ್ಮನಾಭನಗರದ ಮನೆಗೆ ಬಂದಿದ್ದರು. ನಾನು ಮೂವತ್ತೊಂದು ವರ್ಷ ಕೂತಿದ್ದಂಥದೇ ಒಂದು ತಪಾಸಣೆ ಬೆಂಚಿಗೆ ಸೇರಲಿರುವವರು. "ಆಂಟಿ, ಆ ಕೆಲಸ ಹೆಂಗಿರತ್ತೆ? ಕಣ್ಣು ಹಾಳಾಗತ್ತಂತೆ, ಹೌದಾ?" ಎಂದು ಕೇಳಿದರು. ನಾನು ಕಾಫಿ ಕೊಟ್ಟು, "ಮಧ್ಯೆ ಮಧ್ಯೆ ಎದ್ದು ದೂರದ ಮರ ನೋಡ್ಬೇಕು, ಅಷ್ಟೇ" ಎಂದು ಹೇಳಿ ಕಳಿಸಿದೆ. ಅವರು ಗೇಟು ದಾಟುವಾಗಲೇ ಅನ್ನಿಸಿತು, ಹೇಳಬೇಕಾದದ್ದು ಅದಲ್ಲ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಶಾಲು, ಹಾರ ಇವನ್ನೆಲ್ಲ ಬಿಟ್ಟಿದ್ದೇನೆ. ಅವು ಎಲ್ಲರ ಕೆಲಸದಲ್ಲೂ ಒಂದೇ ತರಹ ಇರುತ್ತವೆ.

ನಮ್ಮದು ಜೆ.ಪಿ. ನಗರದ ಕೈಗಾರಿಕಾ ಬಡಾವಣೆಯಲ್ಲಿದ್ದ ಒಂದು ಚಿಕ್ಕ ಕಾರ್ಖಾನೆ. ನಾನು ಸೇರಿದಾಗ ಅಲ್ಲಿ ಕೈಗಡಿಯಾರದ ಚಕ್ರಗಳನ್ನು, ಮೀಟರುಗಳ ಒಳಭಾಗಗಳನ್ನು ಮಾಡುತ್ತಿದ್ದರು. ಕನಕಪುರ ರಸ್ತೆಯಲ್ಲಿ ಬಸ್ಸು ಹಿಡಿದು ಜರಗನಹಳ್ಳಿಯಿಂದ ಹೋಗುತ್ತಿದ್ದೆ. ಆಗ ನಮ್ಮಪ್ಪ ಅಲ್ಲಿ ಇನ್ನೂ ಒಂದಿಷ್ಟು ರಾಗಿ ಬಿತ್ತುತ್ತಿದ್ದರು. ತಪಾಸಣೆ ಕೋಣೆಯಲ್ಲಿ ನಾವು ಹನ್ನೆರಡು ಹೆಂಗಸರು. ಉತ್ತರದ ಕಿಟಕಿಯಿಂದ ಬರುವ ಬೆಳಕಿನಲ್ಲಿ ಇಡೀ ದಿನ ಒಂದೇ ಹೊತ್ತು ನಿಂತುಬಿಟ್ಟಂತೆ ಇರುತ್ತಿತ್ತು. ಬೆಳಗು ಯಾವಾಗ ಸಂಜೆಯಾಯಿತು ಎಂದು ಗೊತ್ತಾಗುತ್ತಿರಲಿಲ್ಲ.

ನಮ್ಮ ಮೇಲ್ವಿಚಾರಕರು ಮೂರ್ತಿ ಸಾರ್. ಬಿಳಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಮೊದಲ ದಿನವೇ ನನ್ನ ಕೈಗೆ ಚಿಮಟ ಕೊಟ್ಟು, "ನೋಡಮ್ಮಾ, ಉಸಿರು ಬಿಡೋವಾಗ ಎತ್ಬೇಕು. ಎಳ್ಕೊಳ್ಳೋವಾಗ ಎತ್ತಿದ್ರೆ ಕೈ ನಡುಗತ್ತೆ" ಎಂದರು. ನನಗೆ ಅದು ಕೂಡಿಬರಲು ಒಂದು ತಿಂಗಳು ಹಿಡಿಯಿತು. ಆಮೇಲೆ ಮನೆಯಲ್ಲಿ ಅಕ್ಕಿ ಆರಿಸುವಾಗಲೂ ಹಾಗೇ ಉಸಿರಾಡತೊಡಗಿದೆ. ನಮ್ಮಮ್ಮ ನಗುತ್ತಿದ್ದರು.

ನನ್ನ ಮೊದಲ ಎಡವಟ್ಟು ಮುಖದ ಪೌಡರಿನಿಂದಾಯಿತು. ಒಂದು ಹಬ್ಬದ ಮರುದಿನ ಚೆನ್ನಾಗಿ ಪೌಡರು ಬಳಿದುಕೊಂಡು, ತಲೆತುಂಬ ಮಲ್ಲಿಗೆ ಮುಡಿದು ಬಂದಿದ್ದೆ. ಸಂಜೆಯ ಹೊತ್ತಿಗೆ ನಾನು ನೋಡಿ ಪಾಸು ಮಾಡಿದ ಒಂದು ಟ್ರೇ ತುಂಬ ಚಕ್ರಗಳು ಅಂಟಿಕೊಂಡು ನಿಂತಿದ್ದವು. ಮೂರ್ತಿ ಸಾರ್ ಮೈಕ್ರೋಸ್ಕೋಪಿನಲ್ಲಿ ನೋಡಿ, ಬೈಯದೆ, "ಬಾಮ್ಮಾ, ನೀನೇ ನೋಡು" ಎಂದರು. ಹಿತ್ತಾಳೆಯ ಹಲ್ಲುಗಳ ನಡುವೆ ನನ್ನ ಪೌಡರು ಮಂಜಿನ ಹಾಗೆ ಕೂತಿತ್ತು, ಜೊತೆಗೆ ಮಲ್ಲಿಗೆಯ ಹಳದಿ ಧೂಳು. ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಒಂದು ಕ್ಷಣ ತಪ್ಪು ಮಾಡಿದ್ದೇನೆ ಎಂಬುದೇ ಮರೆತುಹೋಯಿತು. ಮರುದಿನವೇ ಕೋಣೆಯ ಹೊರಗೆ ಗೋಡೆಗೆ ಹನ್ನೆರಡು ಮೊಳೆ ಹೊಡೆಸಿದರು. ಮುಡಿದ ಹೂವನ್ನು ಅಲ್ಲಿ ತೂಗುಹಾಕಿ ಒಳಗೆ ಹೋಗಬೇಕು. ಸಂಜೆ ಹೊರಗೆ ಬಂದಾಗ ಯಾರ ಮಾಲೆ ಯಾವುದು ಎಂದು ಗೊತ್ತಾಗದೆ ಎಲ್ಲರೂ ಎಲ್ಲರದ್ದನ್ನೂ ಮುಡಿದು ಹೋಗುತ್ತಿದ್ದೆವು.

ನನ್ನ ಪಕ್ಕದ ಬೆಂಚು ನೂರ್‌ಜಹಾನಳದು. ತಿಲಕ್ ನಗರದವಳು. ನಾನು ಅವಳನ್ನು ನೂರಿ ಎನ್ನುತ್ತಿದ್ದೆ, ಈಗಲೂ. ಪ್ರತಿಯೊಬ್ಬ ತಪಾಸಕಿಗೂ ಒಂದು ಸೀಲು ಇರುತ್ತಿತ್ತು. ಚಿಕ್ಕ ಉಕ್ಕಿನ ಕಡ್ಡಿ, ತುದಿಯಲ್ಲಿ ಒಂದು ತ್ರಿಕೋನ, ಒಳಗೆ ನಂಬರು. ಪಾಸಾದ ಪ್ರತಿ ಭಾಗದ ಮೇಲೆ, ತೀರ ಚಿಕ್ಕದಾದರೆ ಅದರ ಡಬ್ಬಿಯ ಮೇಲೆ, ಅದನ್ನು ಒತ್ತಬೇಕು, ಪಕ್ಕದಲ್ಲಿ ಆ ಲಾಟಿನ, ಅಂದರೆ ಒಟ್ಟಿಗೆ ತಯಾರಾದ ಕಂತಿನ, ಅಕ್ಷರ. ಕೆಲಸ ಬಿಟ್ಟುಹೋದವರ ನಂಬರನ್ನು ಮತ್ತೆ ಯಾರಿಗೂ ಕೊಡುತ್ತಿರಲಿಲ್ಲ. ನನ್ನದು ಹದಿನೇಳು, ನೂರಿಯದು ಹದಿನೆಂಟು. ಒತ್ತುವ ಕೈ ಒಬ್ಬೊಬ್ಬರದು ಒಂದೊಂದು ರೀತಿ. ನಾನು ಒತ್ತಿದ ತ್ರಿಕೋನ ಎಡಕ್ಕೆ ಸ್ವಲ್ಪ ಆಳ, ಬಲಕ್ಕೆ ಮಾಸಲು. ಮೂರ್ತಿ ಸಾರ್ ನಂಬರು ನೋಡದೆಯೇ ಯಾರದೆಂದು ಹೇಳುತ್ತಿದ್ದರು.

ಒಂದು ವರ್ಷ ಕೈಗಡಿಯಾರದ ಕೆಲಸ ಪೂರ್ತಿ ನಿಂತು, ಬೇರೆ ಡ್ರಾಯಿಂಗ್ ಬಂತು. ಬೆರಳ ತುದಿಯಷ್ಟು ದೊಡ್ಡ ಒಂದು ಡಬ್ಬಿಯೊಳಗೆ ಐದು ಚಕ್ರ, ಒಂದು ಸ್ಪ್ರಿಂಗು. ಮೇಲೆ ಒಂದು ಪುಟ್ಟ ಕಿಟಕಿ. ಚಕ್ರಗಳು ಓಡಿ ಓಡಿ ಕೊನೆಗೆ ಒಂದು ಕೆಂಪು ಚುಕ್ಕೆ ಬಂದು ಆ ಕಿಟಕಿಯಲ್ಲಿ ಪೂರ್ತಿ ಕೂತುಕೊಳ್ಳಬೇಕು. "ಇದೇನು ಸಾರ್?" ಎಂದು ಕೇಳಿದ್ದಕ್ಕೆ ಮೂರ್ತಿ ಸಾರ್, "ಟೈಮರ್. ಅಷ್ಟೇ" ಎಂದರು. ಅವರು ಅಷ್ಟು ಚಿಕ್ಕ ಉತ್ತರ ಕೊಟ್ಟದ್ದು ಅದೇ ಮೊದಲು. ಹೊರಗೆ ಏನೂ ಹೇಳುವುದಿಲ್ಲ ಎಂಬ ಕಾಗದಕ್ಕೆ ಎಲ್ಲರ ಸಹಿ ತೆಗೆದುಕೊಂಡರು.

ಕೆಲವು ತಿಂಗಳ ಮೇಲೆ ಸೈನ್ಯದಿಂದ ನಿವೃತ್ತರಾಗಿದ್ದ ಒಬ್ಬ ಅಧಿಕಾರಿ ಸಲಹೆಗಾರರಾಗಿ ಬಂದರು. ಅವರೇ ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಒಂದು ದೊಡ್ಡ ಗುಂಡಿನ, ಅಂದರೆ ಬಾಂಬಿನ, ಹೊಟ್ಟೆಯಲ್ಲಿ ಹತ್ತಾರು ಮರಿ ಗುಂಡುಗಳಿರುತ್ತವೆ, ಆಕಾಶದಲ್ಲಿ ಬಿಚ್ಚಿಕೊಂಡು ಹೊಲಗದ್ದೆಗಳ ಮೇಲೆ ಹರಡುತ್ತವೆ. ಕೆಲವು ಸಿಡಿಯದೆ ಹಾಗೇ ಬಿದ್ದಿರುತ್ತವೆ. ಯುದ್ಧ ಮುಗಿದು ವರ್ಷಗಳಾದ ಮೇಲೆ ಯಾರೋ ಮಗು ಹೊಳೆಯುವ ಡಬ್ಬಿ ಎಂದು ಎತ್ತಿಕೊಳ್ಳುತ್ತದೆ.

"ನೀವು ಮಾಡ್ತಿರೋದು ಅದು ಆಗ್ದೇ ಇರೋ ಹಾಗೆ ನೋಡ್ಕೊಳ್ಳೋ ಭಾಗ ಅಮ್ಮಾ," ಎಂದರು ಅವರು. "ಸಿಡೀದೆ ಬಿದ್ರೆ ಈ ಟೈಮರ್ ಓಡತ್ತೆ. ಕೆಂಪು ಚುಕ್ಕೆ ಕೂತ್ರೆ ಅದು ಸತ್ತಂಗೆ. ಆಮೇಲೆ ಅದು ಬರೀ ತಗಡು. ಇದು ಒಳ್ಳೇ ಭಾಗ."

ಅವರು ಇನ್ನೊಂದು ಮಾತನ್ನೂ ಹೇಳಿದರು. ಎಷ್ಟೋ ದೇಶಗಳಲ್ಲಿ ಜನ ಕೈ ಕಾಲು ಕಳೆದುಕೊಂಡ ಮಕ್ಕಳ ಚಿತ್ರ ನೋಡಿ ಬೀದಿಗಿಳಿದಿದ್ದಾರೆ, ಇಂಥ ಗುಂಡುಗಳೇ ಬೇಡ ಎನ್ನುತ್ತಿದ್ದಾರೆ, ಹಾಗಾಗಿ ಕೊಳ್ಳುವವರು ಈಗ ಈ ಟೈಮರ್ ಇದ್ದರೆ ಮಾತ್ರ ಕೊಳ್ಳುತ್ತಾರೆ ಎಂದರು. ನನಗೆ ಅದು ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ಯಾವುದೋ ಚಳಿ ದೇಶದ ಬೀದಿಯಲ್ಲಿ ಉದ್ದ ಕೋಟು ಹಾಕಿಕೊಂಡ ಹೆಂಗಸೊಬ್ಬಳು ಫಲಕ ಹಿಡಿದು ನಿಂತಿದ್ದಾಳೆ. ಅವಳ ಕೂಗು ಸಮುದ್ರ ದಾಟಿ, ಯಾವ ಯಾವುದೋ ಸಭೆಗಳನ್ನು ಹಾದು, ಕೊನೆಗೆ ಜೆ.ಪಿ. ನಗರದ ನನ್ನ ಬೆಂಚಿನ ಮೇಲೆ ಒಂದು ಡ್ರಾಯಿಂಗ್ ಆಗಿ ಬಂದು ಬಿದ್ದಿದೆ. ಚಕ್ರದ ಹಲ್ಲು ಇಷ್ಟೇ ದಪ್ಪ ಇರಬೇಕು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಆಗಬಾರದು ಎಂದು. ಚಿಮಟ ಹಿಡಿದಾಗಲೆಲ್ಲ ನಾನು ಆ ಕೋಟಿನ ಹೆಂಗಸನ್ನು ಕಾಣುತ್ತಿದ್ದೆ. ನಾವಿಬ್ಬರೂ ಒಂದೇ ಕೆಲಸ ಮಾಡುತ್ತಿದ್ದೇವೆ ಅನ್ನಿಸುತ್ತಿತ್ತು. ನೂರಿ ಮನೆಯಲ್ಲಿ ನಮಾಜಿನ ಕೊನೆಗೆ ಆ ಟೈಮರುಗಳು ನಿಲ್ಲದೆ ಓಡಲಿ ಎಂದು ಕೇಳಿಕೊಳ್ಳುತ್ತಿದ್ದಳಂತೆ. ಇದನ್ನು ನನಗೊಬ್ಬಳಿಗೇ ಹೇಳಿದ್ದಳು.

ಮೂರ್ತಿ ಸಾರ್ ನಿವೃತ್ತರಾದರು. ವರ್ಷಗಳು ಹೋದವು. ಕೆಲಸದ ರೀತಿಯೂ ಬದಲಾಯಿತು. ಭೂತಗನ್ನಡಿ ಹೋಗಿ ಕ್ಯಾಮೆರಾ ಬಂತು. ಮೊದಲು ಕಣ್ಣು ಚಕ್ರದ ಹತ್ತಿರ ಬಾಗುತ್ತಿತ್ತು, ಈಗ ಚಕ್ರವೇ ತಟ್ಟೆಯಷ್ಟಾಗಿ ಪರದೆಯ ಮೇಲೆ ಬರುತ್ತದೆ. ಅನುಕೂಲವೇ. ಆದರೆ ಪರದೆಯ ಮೇಲೆ ನೋಡುವಾಗ ಉಸಿರು ಹಿಡಿಯಬೇಕಾಗಿಲ್ಲ. ಉಸಿರು ಹಿಡಿಯದೆ ನೋಡಿದ್ದು ಬೇಗ ಮರೆತುಹೋಗುತ್ತದೆ.

ಮೂರ್ತಿ ಸಾರ್ ಜಾಗಕ್ಕೆ ಬಂದವರು ಪ್ರಶಾಂತ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕೆಟ್ಟವರಲ್ಲ. ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಬರುವವರು ಅವರೇ. ನಾನು ನಿವೃತ್ತಳಾಗಲು ಎರಡು ವರ್ಷವಿದ್ದಾಗ, ಒಂದು ಏಪ್ರಿಲ್‌ನಲ್ಲಿ, 'ಆರ್' ಅಕ್ಷರದ ಲಾಟು ಬಂತು. ಟೈಮರುಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಓಡಿಸಿ ನೋಡುವುದು ಕೊನೆಯ ಪರೀಕ್ಷೆ. ಮರಳುಗಾಡಿನ ಬಿಸಿಲಿನಲ್ಲೂ ಓಡಬೇಕಲ್ಲ. ಸ್ಯಾಂಪಲ್ಲಿಗೆ ಆರಿಸಿದ್ದರಲ್ಲಿ ಎರಡು ನಡುದಾರಿಯಲ್ಲೇ ನಿಂತುಬಿಟ್ಟವು. ಕೆಂಪು ಚುಕ್ಕೆ ಕಿಟಕಿಯಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು, ಹೊಸ್ತಿಲಲ್ಲಿ ನಿಂತು ಇಣುಕುವವರ ಹಾಗೆ. ಹೊಸ ಕಂಪನಿಯ ಗ್ರೀಸು ಬಿಸಿಗೆ ಒಣಗಿ ಅಂಟಾಗುತ್ತಿದೆ ಎಂದು ನನಗೆ ಅನುಮಾನವಾಯಿತು.

ವರದಿ ಬರೆದು ಪ್ರಶಾಂತ್ ಅವರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಮೇಡಂ, ಒಂದು ಸಲ ಮರುಪರೀಕ್ಷೆ ಮಾಡೋಕೆ ರೂಲ್ಸಲ್ಲಿ ಅವಕಾಶ ಇದೆ ಅಲ್ವಾ?"

"ಇದೆ ಸಾರ್. ಬೇರೆ ಸ್ಯಾಂಪಲ್ ತಗೊಂಡು."

"ಮತ್ತೆ ಮಾಡಿ. ಶನಿವಾರ ಕಳಿಸ್ಲೇಬೇಕು. ಪಾಸಾದ್ರೆ ಸೀಲ್ ಹಾಕಿ, ಆಗ್ದಿದ್ರೆ ನಾನೇ ಮೇಲೆ ಹೋಗಿ ಹೇಳ್ತೀನಿ."

ಬೇರೆ ಸ್ಯಾಂಪಲ್ಲು ಆರಿಸಿದೆ. ಅಂದು ಮೋಡವಿತ್ತು, ಕೋಣೆ ತಣ್ಣಗಿತ್ತು, ಬಿಸಿ ಪೆಟ್ಟಿಗೆಯೂ ನಿಯಮ ಹೇಳುವ ಕನಿಷ್ಠ ಮಟ್ಟವನ್ನಷ್ಟೇ ಮುಟ್ಟಿತ್ತು. ಎಲ್ಲವೂ ಓಡಿದವು. ಎಲ್ಲ ಕಿಟಕಿಗಳಲ್ಲೂ ಕೆಂಪು ಚುಕ್ಕೆ ದುಂಡಗೆ ಬಂದು ಕೂತಿತು. ನಿಯಮದಂತೆ ಲಾಟು ಪಾಸು. ನಾನು ಮೂರು ದಿನ ಕೂತು ಸೀಲು ಒತ್ತಿದೆ. ನೂರಿ ತನ್ನ ಸೀಲನ್ನು ಆ ಲಾಟಿನ ಹತ್ತಿರ ತರಲಿಲ್ಲ. "ಕೈ ನೋವು ಕಣೇ" ಎಂದಳು. ಆ ಎರಡು ನಿಂತ ಟೈಮರುಗಳನ್ನು ಗುಜರಿ ಡಬ್ಬಕ್ಕೆ ಹಾಕಿದ್ದು ನಾನೇ. ಹಾಕಿದ ಸದ್ದು ನೆನಪಿದೆ.

ಯಾರೂ ನನ್ನನ್ನು ಹೆದರಿಸಿರಲಿಲ್ಲ, ಯಾವ ಕಾಗದವೂ ಸುಳ್ಳಾಗಿರಲಿಲ್ಲ. ಹುಡುಗಿಯರೇ, ನೀವು ಕಾಯುತ್ತಿರುವ ಕಷ್ಟದ ದಿನ ಸಿನಿಮಾದ ಹಾಗೆ ಬರುವುದಿಲ್ಲ. ಅದು ಒಂದು ಮೋಡದ ದಿನ ಬರುತ್ತದೆ, ನಿಯಮದ ಪ್ರಕಾರವೇ ಬರುತ್ತದೆ.

ನಿವೃತ್ತಿಯಾಗಿ ಐದನೇ ವರ್ಷ, ಒಂದು ಬೆಳಗ್ಗೆ ನೂರಿ ಫೋನು ಮಾಡಿದಳು. "ಜಯಾ, ಪಾರ್ಕಿಗೆ ಬಾ. ಈಗ್ಲೇ ಬಾ." ಜಯನಗರದ ಒಂದು ಚಿಕ್ಕ ಪಾರ್ಕಿನಲ್ಲಿ ನಾವು ವಾರಕ್ಕೊಮ್ಮೆ ಸೇರುತ್ತೇವೆ. ಆಗ ಮರಗಳೆಲ್ಲ ಎಲೆ ಕಳಚಿ ಬರೀ ಗುಲಾಬಿ ಬಣ್ಣದ ಹೂವಾಗಿದ್ದವು, ಬೆಂಚಿನ ಮೇಲೂ ಹೂವೇ. ನೂರಿ ಹೂವನ್ನು ಸರಿಸದೆ ಕೂತಿದ್ದಳು. ಫೋನನ್ನು ನನ್ನ ಕೈಗೆ ಕೊಟ್ಟಳು.

ದೂರದ ಒಂದು ಯುದ್ಧದ ಚಿತ್ರ. ಯಾವ ದೇಶವೆಂದು ಬರೆಯುವುದಿಲ್ಲ. ಬರೆದರೆ ಓದುವವರು ತಕ್ಷಣ ಒಂದು ಪಕ್ಷ ಹಿಡಿದುಬಿಡುತ್ತಾರೆ, ನಾನು ಹೇಳುವುದು ಕೇಳಿಸುವುದಿಲ್ಲ. ಯುದ್ಧದಲ್ಲಿ ಬಳಸಿದ ಆಯುಧಗಳು ಎಲ್ಲಿಂದ ಬಂದವು ಎಂದು ಹುಡುಕುವ ಒಂದು ತಂಡ ಅದನ್ನು ಹಾಕಿತ್ತು. ಬಿಳಿ ಬಟ್ಟೆಯ ಮೇಲೆ ಸಿಡಿಯದ ಒಂದು ಮರಿ ಗುಂಡು, ಪಕ್ಕದಲ್ಲಿ ಅಳತೆಪಟ್ಟಿ. ಹೊಲದಲ್ಲಿ ಸೊಪ್ಪು ಕೀಳುತ್ತಿದ್ದ ಹೆಂಗಸಿಗೆ ಸಿಕ್ಕಿದ್ದಂತೆ. ನಾನು ಜರಗನಹಳ್ಳಿಯಲ್ಲಿ ರಾಗಿ ಸಾಲಿನ ನಡುವೆ ಬಗ್ಗಿ ಅಣ್ಣೆಸೊಪ್ಪು ಕೀಳುತ್ತಿದ್ದದ್ದು ನೆನಪಾಯಿತು. ಸೊಪ್ಪು ಕೀಳುವಾಗ ಕಣ್ಣಿಗಿಂತ ಮೊದಲು ಕೈ ಹೋಗುತ್ತದೆ.

"ದೊಡ್ಡದು ಮಾಡಿ ನೋಡು," ಎಂದಳು ನೂರಿ.

ಎರಡು ಬೆರಳಿನಿಂದ ಹಿಗ್ಗಿಸಿದೆ. ಉಸಿರು ತಾನಾಗಿಯೇ ನಿಂತಿತು. ತ್ರಿಕೋನ. ಎಡಕ್ಕೆ ಆಳ, ಬಲಕ್ಕೆ ಮಾಸಲು. ಒಳಗೆ ಹದಿನೇಳು. ಪಕ್ಕದಲ್ಲಿ 'ಆರ್'. ಕಿಟಕಿಯಲ್ಲಿ ಕೆಂಪು ಚುಕ್ಕೆ ಅರ್ಧ.

ಕೆಳಗೆ ಸಾವಿರಾರು ಜನ ಬರೆದಿದ್ದರು. ಒಬ್ಬರು ಶಾಪ ಹಾಕಿದರೆ ಇನ್ನೊಬ್ಬರು ಸಮರ್ಥಿಸುತ್ತಿದ್ದರು. ಆ ಗುಂಡು ಹಾರಿಸಿದ ದೇಶದ ವಕ್ತಾರರ ಮಾತನ್ನೂ ಯಾರೋ ಹಾಕಿದ್ದರು. ನಮ್ಮ ಆಯುಧಗಳು ಜವಾಬ್ದಾರಿಯುತವಾದವು, ಸಿಡಿಯದಿದ್ದರೆ ಕೆಲವು ಗಂಟೆಗಳಲ್ಲಿ ತಾವಾಗಿಯೇ ಸಾಯುತ್ತವೆ, ಜಗತ್ತು ಸುಮ್ಮನೆ ಗುಲ್ಲು ಮಾಡುತ್ತಿದೆ ಎಂದು. ಆ ಮಾತು ನಂಬಿ ಅಲ್ಲಿನ ಊರಿನವರು ಅವನ್ನು ಕೈಯಲ್ಲಿ ಹೆಕ್ಕಿ ಹೊಲದ ಬದುವಿನಲ್ಲಿ ರಾಶಿ ಹಾಕುತ್ತಿದ್ದಾರೆ ಎಂದೂ ಚಿತ್ರದ ಕೆಳಗೆ ಇತ್ತು.

ನೂರಿ ಹೇಳಿದಳು, "ಒಳ್ಳೇ ಭಾಗ, ಒಳ್ಳೇ ಭಾಗ ಅಂತ ಅಂದ್ಕೊಂಡ್ವಲ್ಲ ಜಯಾ. ಆ ಒಳ್ಳೇ ಭಾಗ ಇದೆ ಅಂತಾನೇ ಅದನ್ನ ಮಾರಿದ್ರು, ಕೊಂಡ್ರು, ಹಾಕಿದ್ರು. ನಾವು ಮಾಡ್ದೇ ಇದ್ದಿದ್ರೆ ಬೇಡ ಅಂತಿದ್ರೋ ಏನೋ."

ಟೈಮರ್ ಇಲ್ಲದ ಗುಂಡುಗಳನ್ನೇ ಹಾಕುತ್ತಿದ್ದರೇನೋ, ಇನ್ನೂ ಹೆಚ್ಚು ಜನ ಸಾಯುತ್ತಿದ್ದರೇನೋ. ಯಾರಿಗೆ ಗೊತ್ತು? ಕೋಟಿನ ಹೆಂಗಸನ್ನು ನೆನೆದೆ. ಮೊದಲ ಸಲ ಅವಳು ನನ್ನ ಕಡೆ ಬೆನ್ನು ಮಾಡಿ ನಿಂತಿದ್ದಳು.

"ಆ ಊರಿನವರಿಗೆ ಗೊತ್ತಿಲ್ಲ ನೂರಿ," ಎಂದೆ ಕೊನೆಗೆ. "ಇದು ಸತ್ತಿಲ್ಲ. ಅರ್ಧ ಚುಕ್ಕೆ. ಜೀವ ಇದೆ ಇನ್ನೂ."

"ಹೇಳು ಮತ್ತೆ."

"ಸಹಿ ಹಾಕಿದೀವಲ್ಲೇ, ಹೊರಗೆ ಹೇಳಲ್ಲ ಅಂತ."

"ಹೆದರ್ಕೊಂಡ್ಯಾ?"

"ಹೂಂ ಕಣೇ."

"ನಂಗೂ ಹೆದರ್ಕೆನೇ," ಎಂದಳು. ಆಮೇಲೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, "ಬರಿ, ನಾನ್ ಹಿಡ್ಕೊಂಡಿರ್ತೀನಿ," ಎಂದು ಫೋನನ್ನು ನನ್ನ ಕಣ್ಣಿನ ಎತ್ತರಕ್ಕೆ ಹಿಡಿದಳು.

ನನಗೆ ಬರುವ ಇಂಗ್ಲಿಷು ತಪಾಸಣೆಯ ವರದಿ ಬರೆಯುವ ಇಂಗ್ಲಿಷು ಮಾತ್ರ. ಹಾಗಾಗಿ ಆ ತಂಡಕ್ಕೆ ಪತ್ರವನ್ನೂ ವರದಿಯಂತೆಯೇ ಬರೆದೆ. ಭಾಗದ ಹೆಸರು. ಲಾಟು: ಆರ್. ತಪಾಸಕಿ: ಹದಿನೇಳು, ಅಂದರೆ ನಾನು. ಕಂಡದ್ದು: ಕೆಂಪು ಗುರುತು ಅರ್ಧ, ಚಕ್ರಗಳು ನಡುವೆ ನಿಂತಿವೆ, ಒಳಗೆ ಜೀವವಿದೆ. ಬಿಸಿಯಲ್ಲಿ ಈ ಲಾಟು ನಿಲ್ಲಬಹುದೆಂದು ಮೊದಲ ಪರೀಕ್ಷೆಯಲ್ಲೇ ಕಂಡಿತ್ತು. ಯಾರೂ ಮುಟ್ಟಬಾರದು. ಕೊನೆಯ ಕಲಂ, ತೀರ್ಮಾನ. ಅಲ್ಲಿ 'ತಿರಸ್ಕೃತ' ಎಂದು ಬರೆದೆ. ಆ ಪದ ಬರೆಯುವುದು ಏಳು ವರ್ಷ ತಡವಾಗಿತ್ತು.

ಎರಡು ದಿನದಲ್ಲಿ ಉತ್ತರ ಬಂತು. ಅಲ್ಲಿ ಗುಂಡು ತೆರವು ಮಾಡುವ ಒಬ್ಬ ಹೆಂಗಸು ಬರೆದಿದ್ದಳು. ನಾವು ಯಾವುದನ್ನೂ ಸತ್ತಿದೆ ಎಂದು ನಂಬುವುದಿಲ್ಲ, ಆದರೆ ಊರಿನವರು ವಕ್ತಾರರ ಮಾತು ನಂಬಿದ್ದಾರೆ, ನಿಮ್ಮ ವರದಿಯನ್ನು ಅವರಿಗೆ ಓದಿ ಹೇಳಿದೆವು, ರಾಶಿ ಹಾಕುವುದು ನಿಂತಿದೆ ಎಂದು. ವರದಿಯನ್ನು ಪ್ರಕಟಿಸಬಹುದೇ ಎಂದು ಕೇಳಿದ್ದಳು. ಹೆಸರು ಬೇಡ, ನಂಬರು ಹಾಕಿ ಎಂದೆ. ಹಾಕಿದರು. ತಾವಾಗಿಯೇ ಸಾಯುತ್ತವೆ ಎಂಬ ಮಾತನ್ನು ಆ ವಕ್ತಾರರು ಮತ್ತೆ ಆಡಿದ್ದನ್ನು ನಾನು ಕೇಳಲಿಲ್ಲ. ಬೇರೆ ಮಾತು ಆಡಿದರು. ಗುಂಡು ಹಾಕುವುದು ನಿಲ್ಲಲಿಲ್ಲ.

ಮರುವಾರ ಪ್ರಶಾಂತ್ ಮನೆಗೆ ಬಂದರು. ಕೂದಲು ನರೆತಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.

"ಮೇಡಂ, ನನ್ಗೆ ಮೊದ್ಲು ಹೇಳ್ಬೇಕಿತ್ತು ನೀವು."

"ಹೇಳಿದ್ನಲ್ಲ ಸಾರ್, ಆ ಏಪ್ರಿಲ್‌ನಲ್ಲಿ."

ಅವರು ತಲೆ ತಗ್ಗಿಸಿದರು. "ನೀವು ಸಹಿ ಮಾಡಿರೋ ಪೇಪರ್ ಇದೆ. ಮೇಲಿನೋರು ಲಾಯರ್ ಹತ್ರ ಹೋಗಿದಾರೆ."

"ಸೀಲೂ ಇದೆ ಸಾರ್. ಅದು ಈಗ ಹೊರಗಿದೆ."

ಕಾಫಿ ತಂದುಕೊಟ್ಟೆ. ಅರ್ಧ ಕುಡಿದು ಲೋಟ ಇಟ್ಟು ಅವರು ಹೇಳಿದರು, "ಆ ಮೊದಲನೇ ರಿಪೋರ್ಟು ನಾನು ಹರೀಲಿಲ್ಲ ಮೇಡಂ. ಹರೀಬಹುದಿತ್ತು. ಯಾಕೋ ಇಟ್ಕೊಂಡಿದ್ದೆ."

"ಎಲ್ಲಿದೆ?"

"ಗಾಡೀಲಿದೆ. ನಿಮ್ಗೆ ಕೊಟ್ಟುಬಿಡೋಣ ಅಂತ ತಂದೆ."

"ನನ್ಗೆ ಯಾಕೆ ಸಾರ್? ನನ್ಗೆ ಗೊತ್ತಿರೋದೇ ಅದರಲ್ಲಿರೋದು. ಲಾಯರ್ ಟೇಬಲ್ ಮೇಲಿಡಿ."

ಅವರು ಹೊರಟು ಗಾಡಿಯ ಹತ್ತಿರ ಹೋಗಿ, ಸೀಟು ಎತ್ತಿ ಫೈಲನ್ನು ನೋಡಿ, ಮತ್ತೆ ಮುಚ್ಚಿ, ಗಾಡಿ ಓಡಿಸದೆ ತಳ್ಳಿಕೊಂಡೇ ರಸ್ತೆಯ ತಿರುವಿನವರೆಗೆ ನಡೆದರು. ನಾನು ಗೇಟಿನಲ್ಲಿ ನಿಂತು ನೋಡಿದೆ. ಆ ವರದಿ ಮೇಲಿನವರ ಕೈ ಸೇರಿತು ಎಂದು ಆಮೇಲೆ ಗೊತ್ತಾಯಿತು. ಆ ಲಾಟು ಹೋದ ಕಡೆಗೆಲ್ಲ ಕಂಪನಿಯೇ ಎಚ್ಚರಿಕೆಯ ಪತ್ರ ಬರೆಯಿತು. ಪ್ರಶಾಂತ್ ಈಗ ಬೇರೆ ಕಡೆ ಕೆಲಸದಲ್ಲಿದ್ದಾರೆ. ನನ್ನ ಮೇಲೆ ಯಾವ ಕೇಸೂ ಬರಲಿಲ್ಲ. ಹಳೆಯ ನೌಕರರ ವರ್ಷದ ಊಟಕ್ಕೆ ಕರೆ ಬರುವುದು ನಿಂತಿತು. ನನಗೆ ಬಂದಿಲ್ಲವೆಂದು ನೂರಿಯೂ ಹೋಗುವುದನ್ನು ಬಿಟ್ಟಳು.

ಇದೆಲ್ಲ ಆದ ಮೇಲೆ ಆ ತೆರವು ಕೆಲಸದ ಹೆಂಗಸು ಇನ್ನೊಂದು ಸಹಾಯ ಕೇಳಿದಳು. ಹಳ್ಳಿಗಳಲ್ಲಿ ಹಂಚಲು ಆ ಟೈಮರಿನ ಒಂದು ಚಿತ್ರ ಬೇಕು, ನಿಮಗೆ ಅದರ ಆಕಾರ ಚೆನ್ನಾಗಿ ಗೊತ್ತು, ಬರೆದು ಕಳಿಸುತ್ತೀರಾ ಎಂದು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಉತ್ತರದ ಕಿಟಕಿಯ ಹತ್ತಿರ ಕೂತು, ಎರಡು ದಿನ ಬರೆದೆ. ಎರಡು ಚಿತ್ರ. ಒಂದರಲ್ಲಿ ಪೂರ್ತಿ ಚುಕ್ಕೆ, ಒಂದರಲ್ಲಿ ಅರ್ಧ. ಎಷ್ಟು ದೊಡ್ಡದು ಎಂದು ತಿಳಿಯಲಿ ಎಂದು ಅದನ್ನು ಅಂಗೈಯಲ್ಲಿಟ್ಟು, ಹೆಬ್ಬೆರಳು ಕಿಟಕಿಯ ಪಕ್ಕ ಬರುವ ಹಾಗೆ ಬರೆದಿದ್ದೆ. ಉಗುರು, ಗೆರೆ ಎಲ್ಲ ಚೆನ್ನಾಗಿ ಬಂದಿತ್ತು. ನೂರಿ ನೋಡಿ, "ನಿನ್ನ ಕೈಯೇ ಇದು" ಎಂದಳು.

ಅಚ್ಚಾದ ಹಾಳೆ ಬಂತು. ನನಗೆ ಓದಲು ಬಾರದ ಅಕ್ಷರಗಳು. ಟೈಮರನ್ನು ಹಾಗೆಯೇ ಇಟ್ಟಿದ್ದರು, ಅದರ ಒಂದು ಗೆರೆಯೂ ತಪ್ಪಿರಲಿಲ್ಲ. ಪೂರ್ತಿ ಚುಕ್ಕೆಯದಕ್ಕೂ ಅರ್ಧ ಚುಕ್ಕೆಯದಕ್ಕೂ ಯಾವುದನ್ನೂ ಮುಟ್ಟಬೇಡಿ ಎನ್ನುವಂತೆ ಒಂದೇ ರೀತಿ ದಪ್ಪಗೆ ಅಡ್ಡಗೆರೆ ಎಳೆದಿದ್ದರು. ಆದರೆ ಕೈ ಇರಲಿಲ್ಲ. ಅಂಗೈ, ಹೆಬ್ಬೆರಳು ಎಲ್ಲವನ್ನೂ ಅಳಿಸಿ, ಅದನ್ನು ಬರೀ ನೆಲದ ಮೇಲೆ, ನಾಲ್ಕು ಹುಲ್ಲುಕಡ್ಡಿಗಳ ನಡುವೆ ಇಟ್ಟಿದ್ದರು. ಜೊತೆಗೆ ಆ ಹೆಂಗಸಿನ ಒಂದು ಸಾಲು: "ಕೈ ತೆಗೆದಿದ್ದೇವೆ, ಕ್ಷಮಿಸಿ. ಚಿತ್ರದಲ್ಲಿ ಕೈ ಇದ್ದರೆ ಮಕ್ಕಳು ಹಾಗೆಯೇ ಹಿಡಿದು ನೋಡುತ್ತಾರೆ."

ಅಷ್ಟು ವರ್ಷ ನಾನು ಅದನ್ನು ಕೈಯಲ್ಲಿ ಹಿಡಿದೇ ನೋಡಿದ್ದೆ. ನೆಲದ ಮೇಲೆ ಬಿದ್ದಿರುವಾಗ ಅದು ಹೇಗೆ ಕಾಣುತ್ತದೆ ಎಂದು ನಾನು ನೋಡಿದ್ದು ಆವತ್ತೇ ಮೊದಲು.